ಅಳಿಸುವ ಮೊದಲು ಓದುವ ನೀಲವ್ವ

ಬೆಳಗಿನ ಆರು ಗಂಟೆ ಹತ್ತು ನಿಮಿಷ. ಲಂಡನ್ನಿನ ಕೊಲಿಂಡೇಲಿನ ಹೇಡನ್ ರೋಡ್ ಐಸ್ ರಿಂಕಿನಲ್ಲಿ ನೀಲವ್ವ ಐಸ್ ಸವರುವ ಮಷೀನಿನ ಮೇಲೆ ಕೂತಿದ್ದಾರೆ. ಇಂಜಿನ್ ಗುರ್ ಎನ್ನುತ್ತಿದೆ, ಗಾಡಿ ಮಾತ್ರ ಮುಂದೆ ಹೋಗುತ್ತಿಲ್ಲ. ಎರಡು ಸ್ವೆಟರು, ಅದರ ಮೇಲೆ ರಿಂಕಿನ ನೀಲಿ ಜಾಕೆಟ್ಟು, ಕಿವಿ ಮುಚ್ಚಲು ಗಂಡನ ಮಫ್ಲರು, ಹಣೆಯಲ್ಲಿ ಕಾಸಗಲ ಕುಂಕುಮ. ಕಣ್ಣು ಐಸಿನ ಬಲಮೂಲೆಯಲ್ಲಿ ನೆಟ್ಟಿದೆ. ಅಲ್ಲಿ ಸ್ಕೇಟಿನ ಎರಡು ಗೆರೆ ಇರಬೇಕಾದ ಕಡೆ ಒಂದೇ ಇದೆ.

ಆ ಗೆರೆ ಅಂಕಿತಾಳದು. ಅಲ್ಲೇ ಹತ್ತಿರದ ಪಿನ್ನರಿನ ಹುಡುಗಿ, ಹದಿನೆಂಟು ವಯಸ್ಸು, ಐಸ್ ಹಾಕಿ ಆಡುತ್ತಾಳೆ. ಈಗಷ್ಟೇ ಅವಳೂ ಇನ್ನು ಮೂವರು ಹುಡುಗಿಯರೂ ಅಮೆರಿಕದ ಆಲ್ಡನ್ ಬ್ರೂಕ್ ಎಂಬ ಪುಟ್ಟ ಕಾಲೇಜಿನ ಕೋಚ್ ಡೆನ್ನಿಸ್ ಪೂಲ್ ಎದುರು ಪರೀಕ್ಷೆ ಕೊಟ್ಟು ಮುಗಿಸಿದ್ದಾರೆ. ಕಾಲೇಜು ವರ್ಷಕ್ಕೆ ಎಂಟೇ ಹೊಸ ಆಟಗಾರ್ತಿಯರನ್ನು ಸೇರಿಸಿಕೊಳ್ಳುತ್ತದೆ. ಆ ಎಂಟು ಜನರ ತಂಡಕ್ಕೆ ಅವರ ಭಾಷೆಯಲ್ಲಿ ರಿಕ್ರೂಟಿಂಗ್ ಕ್ಲಾಸ್ ಎಂದು ಹೆಸರು. ಕ್ಲಾಸು ಗಟ್ಟಿಯಾಗಿದ್ದರೆ ನಾಲ್ಕು ವರ್ಷ ತಂಡ ಗಟ್ಟಿ, ಪೊಳ್ಳಾಗಿದ್ದರೆ ನಾಲ್ಕು ವರ್ಷವೂ ಕೋಚ್ ತಲೆ ಮೇಲೆ ಕೈಹೊತ್ತು ಕೂರಬೇಕು. ಈ ವರ್ಷ ಏಳು ಹೆಸರು ಆಗಲೇ ಬರೆದಾಗಿದೆ, ಉಳಿದಿರುವುದು ಒಂದು. ಅದಕ್ಕೆ ಅಂಕಿತಾ ಸೈ ಎಂದು ಕೋಚಿಗೆ ಬಹುಮಟ್ಟಿಗೆ ಅನಿಸಿಬಿಟ್ಟಿದೆ. ಆದರೂ ಕೊನೆಯ ಹೆಸರು ಬರೆಯುವ ಮೊದಲು ಅವರು ಪ್ರತಿ ಮಾರ್ಚಿನಲ್ಲೂ ಈ ರಿಂಕಿನ ಡ್ರೈವರಮ್ಮನನ್ನು ಒಂದು ಮಾತು ಕೇಳುತ್ತಾರೆ.

ಯಾಕೆ ಕೇಳುತ್ತಾರೆ ಎನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ನೀಲವ್ವನವರು ವಿಜಯಪುರದ ಕಡೆಯವರು. ಗಂಡ ಮಲ್ಲಪ್ಪ ವಿಮಾನಕ್ಕೆ ಊಟ ಕಟ್ಟುವ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾರೆ. ೧೯೯೧ರಲ್ಲಿ ನೀಲವ್ವ ಈ ರಿಂಕಿಗೆ ಬಂದದ್ದು ಟಾಯ್ಲೆಟ್ ತೊಳೆಯಲು. ನಾಲ್ಕು ವರ್ಷದ ನಂತರ ಮಷೀನ್ ಓಡಿಸುವವನು ಬೆನ್ನುನೋವೆಂದು ಮಲಗಿದಾಗ ಮ್ಯಾನೇಜರು ದಿಕ್ಕು ತೋಚದೆ ನಿಂತಿದ್ದರು. "ಅಪ್ಪನ ಟ್ರ್ಯಾಕ್ಟರ್ ಹೊಡದಾಕಿ ನಾನು. ಇದರಾಗ ಗೇರ ಕಡಿಮಿ, ಬ್ರೇಕ್ ಛಲೋ ಐತಿ" ಎನ್ನುತ್ತಾರೆ ನೀಲವ್ವ. ಅಂದು ಹತ್ತಿದವರು ಇಂದಿಗೂ ಇಳಿದಿಲ್ಲ. ಮಲ್ಲಪ್ಪನವರದು ಮನೆಗೆ ಬಂದವರಿಗೆಲ್ಲ ಒಂದೇ ದೂರು: "ಮಂದಿ ಲಂಡನ್ನಿಗೆ ಬಂದು ದೊಡ್ಡ ಫ್ರಿಜ್ ತಗೋತಾರ್ರಿ. ನಮ್ಮಾಕಿ ಫ್ರಿಜ್ಜಿನ ಒಳಗ ಕೆಲಸಕ್ಕ ಹೋಗ್ತಾಳ."

ದಿನಕ್ಕೆ ಎಂಟು ಸಲ ಐಸ್ ಸವರಬೇಕು. ಒಂದು ಸಲಕ್ಕೆ ಹನ್ನೆರಡು ನಿಮಿಷ, ನಾನೂರು ಲೀಟರಿನಷ್ಟು ಬಿಸಿನೀರು. ಅಲಗು ಮೇಲ್ಪದರವನ್ನು ಹೆರೆಯುತ್ತದೆ, ಹಿಂದಿನಿಂದ ನೀರು ಹರಡಿ ಗಾಜಿನಂತೆ ಕಟ್ಟಿಕೊಳ್ಳುತ್ತದೆ. ಹಿಂದಿನ ಆಟದ ಗುರುತೆಲ್ಲ ಮಾಯ. ಅಳಿಸುವವರಿಗೆ ಅಳಿಸುವುದನ್ನು ನೋಡದೆ ಬೇರೆ ದಾರಿಯಿಲ್ಲ. ನೋಡುತ್ತ ನೋಡುತ್ತ ನೀಲವ್ವನವರಿಗೆ ಯಾರು ಸ್ಕೇಟಿನ ಅಂಚು ಒತ್ತಿ ಆಡುತ್ತಾರೆ, ಯಾರು ಹೆದರಿ ನಿಲ್ಲುತ್ತಾರೆ, ಯಾರಿಗೆ ಒಂದೇ ಕಡೆ ತಿರುಗಲು ಬರುತ್ತದೆ ಎನ್ನುವುದು ತಿಳಿಯತೊಡಗಿತು. "ನಮ್ಮಪ್ಪ ಎತ್ತಿನ ಸಂತ್ಯಾಗ ಮಾರಾವನ ಮಾತು ಕೇಳತಿರಲಿಲ್ಲ. ಎತ್ತು ನಡಸಿ ಮಣ್ಣಾಗಿನ ಹೆಜ್ಜಿ ನೋಡಾಂವ. ಕುಂಟು ಮದಲ ಹೆಜ್ಜ್ಯಾಗ ಕಾಣತೈತಿ, ನಡಗ್ಯಾಗ ಆಮ್ಯಾಲ."

೧೯೯೭ರಲ್ಲಿ ಡೆನ್ನಿಸ್ ಪೂಲ್ ಮೆಚ್ಚಿದ್ದ ಹುಡುಗಿಯ ಬಗ್ಗೆ ನೀಲವ್ವ ತಮ್ಮ ಅರ್ಧಂಬರ್ಧ ಇಂಗ್ಲಿಷಿನಲ್ಲಿ, ಅವಳು ಎಡಕ್ಕೆ ತಿರುಗುವುದೇ ಇಲ್ಲ ಎಂದಿದ್ದರು. ಕೋಚ್ ನಕ್ಕು, ಅವಳ ಆಟದ ವಿಡಿಯೋ ಟೇಪು ತಿರುಗಿಸಿ ನೋಡಿದರು. ನಗು ನಿಂತಿತು. ಮುಂದಿನ ವರ್ಷದಿಂದ ಕ್ರಮವೇ ಬದಲಾಯಿತು. ಹೊಸದಾಗಿ ಸವರಿದ ಐಸಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮೂಲೆ. ಕೋಚ್ ಹುಡುಗಿಯನ್ನು ನೋಡುತ್ತಾರೆ, ನೀಲವ್ವ ಐಸನ್ನು.

ಒಂದು ಸಲ ಮಾತ್ರ ನೀಲವ್ವ ನೋಡಿದ್ದನ್ನು ಹೇಳಲಿಲ್ಲ. ೨೦೦೦ದಲ್ಲಿ ಕೆಲ್ಲಿ ಎಂಬ ಹುಡುಗಿಯ ಮೂಲೆಯಲ್ಲೂ ಹೀಗೇ ಒಂಟಿ ಗೆರೆ ಇತ್ತು. ಪಾಪ, ಹೋಗಿ ಓದಲಿ ಎಂದುಕೊಂಡು ಸವರಿಬಿಟ್ಟರು. ಕಾಲೇಜು ಸೇರಿದ ಆರನೇ ವಾರ ಅವಳ ಮೊಣಕಾಲು ಪೂರ್ತಿ ಹೋಯಿತು. ಎರಡು ಆಪರೇಷನ್. ಕೆಲ್ಲಿ ಈಗಲೂ ಮ್ಯಾಚು ನೋಡಲು ಬರುತ್ತಾಳೆ, ರೇಲಿಂಗ್ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಾಳೆ. "ಆಕಿ ನನಗ ಹಾಯ್ ಅಂತಾಳ. ನನಗ ಮಾರಿ ಎತ್ತಾಕ ಆಗೂದಿಲ್ಲ."

ನಾಲ್ಕು ವರ್ಷ ಕಳೆದಿದೆ. ಇವತ್ತು ಮತ್ತೆ ಒಂಟಿ ಗೆರೆ. ಆರೂವರೆಗೆ ಮುಂದಿನ ತರಗತಿಯ ಮಕ್ಕಳು ಬರುತ್ತಾರೆ, ಅಷ್ಟರೊಳಗೆ ಐಸ್ ಸಿದ್ಧವಿರಬೇಕು. ಕೋಚ್ ಕೆಫೆಯಲ್ಲಿ ಕೂತು ಹಾಳೆ ತುಂಬುತ್ತಿದ್ದಾರೆ. ನೀಲವ್ವ ಮಷೀನಿನಿಂದ ಇಳಿದು ಬಾಗಿಲ ಬಳಿ ಸ್ಕೇಟ್ ಬಿಚ್ಚುತ್ತಿರುವ ಅಂಕಿತಾಳ ಹತ್ತಿರ ಬರುತ್ತಾರೆ. ಪಕ್ಕದಲ್ಲಿ ಅವಳ ತಂದೆ ಶೇಷಾದ್ರಿ, ಬೆಂಗಳೂರಿನಿಂದ ಬಂದು ಎಂಟು ವರ್ಷವಾದ ಸಾಫ್ಟ್‌ವೇರ್ ಮನುಷ್ಯ.

"ಯವ್ವಾ, ಬಲಗಾಲು ಯಾವಾಗಿಂದ?"

"ಏನಿಲ್ಲ ಆಂಟಿ. ಐ ಆಮ್ ಫೈನ್."

"ನನ್ನ ಮುಂದ ಫೈನ್ ಅನಬ್ಯಾಡ. ಐಸ್ ಬ್ಯಾರೆ ಹೇಳಾಕತ್ತೈತಿ. ಬಲಕ್ಕ ತಿರುಗಿ ನಿಂತಾಗೆಲ್ಲಾ ಒಂದ ಕಾಲ ಒತ್ತೀದಿ."

ಹುಡುಗಿ ತಂದೆಯ ಮುಖ ನೋಡುತ್ತಾಳೆ. ಶೇಷಾದ್ರಿ ದನಿ ತಗ್ಗಿಸುತ್ತಾರೆ: "ನೀಲವ್ವ ಅವರೇ, ಸ್ವಲ್ಪ ಉಳುಕಿದೆ ಅಷ್ಟೆ. ಜಿಪಿ ಡಾಕ್ಟ್ರ ಹತ್ರ ಹೋಗಿದ್ವಿ, ಸ್ಕ್ಯಾನಿಗೆ ಬರ್ಕೊಟ್ಟಿದಾರೆ. ಕಾಲೇಜು ಶುರುವಾಗೋ ಆಗಸ್ಟಷ್ಟರಲ್ಲಿ ಸರಿಹೋಗುತ್ತೆ."

"ಸ್ಕ್ಯಾನ್ ಆಗೇತೇನ್ರಿ?"

"ಮೇ ತಿಂಗಳಲ್ಲಿ."

"ಹಂಗಾರ ಸರಿಹೋಗತೈತಿ ಅಂತ ನಿಮಗ ಹೇಳಿದಾವ್ರು ಯಾರು?"

"ಅದಿರ್ಲಿ. ಇವತ್ತೊಂದಿನ ಆ ಮೂಲೆ ಮೊದಲು ಸವರಿಬಿಡಿ, ಸಾಕು. ಇಷ್ಟು ದೂರ ಬಂದು ಕನ್ನಡದವರೇ ಅಡ್ಡಗಾಲು ಹಾಕಿದ್ರೆ ಹೇಗೆ ಹೇಳಿ?"

"ಕನ್ನಡದಾಕಿ ಅಂತನ ಇನ್ನೂ ಇಲ್ಲೆ ನಿಂತೀನ್ರಿ. ಇಲ್ಲಂದ್ರ ಇಷ್ಟೊತ್ತಿಗೆ ಕೆಫೆಗೆ ಹೋಗಿ ಹೇಳಿರ್ತಿದ್ದೆ." ನೀಲವ್ವ ಹುಡುಗಿಯ ಕಡೆ ತಿರುಗುತ್ತಾರೆ. "ನಾನು ಎಡಗಡಿಯಿಂದ ಸುರು ಮಾಡತೀನಿ. ನಿನ್ನ ಮೂಲಿ ಕಡೀಕ. ಅಲ್ಲಿ ಮುಟ್ಟಾಕ ಒಂಬತ್ತು ನಿಮಿಷ ಹಿಡಿತೈತಿ. ಅಷ್ಟರಾಗ ನೀನಾಗಿ ಕೋಚಗ ಹೇಳಿದರ ಛಲೋ. ನಾನು ಹೇಳೂ ಹಂಗ ಆದ್ರ, ನೀ ಮುಚ್ಚಿಟ್ಟಿ ಅಂತ ಆಗತೈತಿ."

ಮಷೀನು ಹೊರಡುತ್ತದೆ. ಒಂದು ಸುತ್ತು. ಶೇಷಾದ್ರಿ ಮಗಳ ಮೊಣಕೈ ಹಿಡಿದು ಏನೋ ಹೇಳುತ್ತಿದ್ದಾರೆ. ಎರಡನೇ ಸುತ್ತು, ಮೂರನೆಯದು. ಅವಳು ತಲೆ ಎತ್ತುತ್ತಿಲ್ಲ. ನೀಲವ್ವನವರ ಸ್ಟಿಯರಿಂಗು ಎಂದೂ ಅಲುಗಿದ್ದಲ್ಲ, ಇಂದು ಎರಡು ಕಡೆ ಪಟ್ಟಿ ತಪ್ಪಿ ಮತ್ತೆ ಹಿಂದೆ ಬರಬೇಕಾಗುತ್ತದೆ. ಐದನೇ ಸುತ್ತಿಗೆ ನೋಡಿದರೆ ಬೆಂಚು ಖಾಲಿ. ಮನೆಗೆ ಹೋದರೋ ಏನೋ. ಉಳಿದಿರುವುದು ಎರಡೇ ಪಟ್ಟಿ, ಆಮೇಲೆ ಆ ಮೂಲೆ.

ಕೆಫೆಯ ಬಾಗಿಲು ತೆರೆಯುತ್ತದೆ. ಅಂಕಿತಾ ಕಾಲುಚೀಲದಲ್ಲೇ ಬರುತ್ತಿದ್ದಾಳೆ, ಹಿಂದೆ ಕೋಚ್. ಹುಡುಗಿ ಬೇಲಿಯಾಚೆಯಿಂದ ಆ ಮೂಲೆಗೆ ಬೆರಳು ತೋರಿಸುತ್ತಾಳೆ. ಡೆನ್ನಿಸ್ ಪೂಲ್ ಬೂಟುಗಾಲಲ್ಲಿ ಐಸಿಗೆ ಇಳಿದು, ಮಂಡಿಯೂರಿ, ಒಂಟಿ ಗೆರೆಯ ಮೇಲೆ ಬೆರಳಾಡಿಸುತ್ತಾರೆ. ಮಾರು ದೂರದಲ್ಲಿ ಮಷೀನು ನಿಲ್ಲುತ್ತದೆ. ಕೋಚ್ ತಲೆ ಎತ್ತಿ ನೋಡಿದಾಗ ನೀಲವ್ವ ಹೌದೆಂದು ತಲೆಯಾಡಿಸುತ್ತಾರೆ.

ಎಂಟನೇ ಹೆಸರಿನ ಜಾಗ ಖಾಲಿಯೇ ಉಳಿಯುತ್ತದೆ. ಪರೀಕ್ಷೆ ಕೊಟ್ಟ ಉಳಿದ ಮೂವರು ಕೋಚಿಗೆ ಸರಿಬಂದಿಲ್ಲ, ಈ ವರ್ಷದ ಕ್ಲಾಸಿಗೆ ಏಳೇ ಜನ. ಆದರೆ ಕೋಚ್ ಹಾಳೆ ತಿರುಗಿಸಿ, ಹಿಂದೆ ೨೦೦೫ ಎಂದು ಬರೆದು ಅದರ ಕೆಳಗೆ ಅಂಕಿತಾಳ ಹೆಸರು ಬರೆಯುತ್ತಾರೆ, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. ಸ್ಕ್ಯಾನ್ ಆದ ಮೇಲೆ ಫೋನ್ ಮಾಡು ಎನ್ನುತ್ತಾರೆ. ಶೇಷಾದ್ರಿ ಮಗಳಿಗೂ ಕಾಯದೆ ಕಾರಿನ ಕಡೆ ನಡೆಯುತ್ತಾರೆ.

ಅಂಕಿತಾ ಮಷೀನಿನ ಹತ್ತಿರ ಬಂದು ನಿಲ್ಲುತ್ತಾಳೆ. ಮೂಗು ಕೆಂಪಾಗಿದೆ. "ಐ ಆಮ್ ಸೋ ಆಂಗ್ರಿ ವಿತ್ ಯೂ, ಆಂಟಿ."

"ಆಗವಾ. ಸಿಟ್ಟಿಗೆ ಮೊಣಕಾಲು ಬೇಕಾಗೂದಿಲ್ಲ."

ಹುಡುಗಿ ನಗುವುದಿಲ್ಲ. ಆದರೆ ಹೋಗುವುದೂ ಇಲ್ಲ. ಉಳಿದ ಮೂಲೆ ಸವರಿ ಮುಗಿಯುವವರೆಗೂ ನೋಡುತ್ತ ನಿಂತು, ಆಮೇಲೆ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಡುತ್ತಾಳೆ. ಆರೂವರೆಗೆ ಎರಡು ನಿಮಿಷ ಬಾಕಿ. ಹೊಸ ಮಕ್ಕಳು ಬಾಗಿಲಲ್ಲಿ ಸಾಲುಗಟ್ಟಿದ್ದಾರೆ.

ಈ ಏಳು ವರ್ಷದಲ್ಲಿ ಆಲ್ಡನ್ ಬ್ರೂಕಿಗೆ ಇಲ್ಲಿಂದ ಹನ್ನೊಂದು ಹುಡುಗಿಯರು ಹೋಗಿದ್ದಾರೆ. ಒಬ್ಬರ ಆಯ್ಕೆಯ ಕಾಗದದಲ್ಲೂ ನೀಲವ್ವನವರ ಹೆಸರಿಲ್ಲ. ಅದರ ಬಗ್ಗೆ ಕೇಳಿದರೆ ಕೈ ಕೊಡವುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ ಹೇಳುತ್ತಾರೆ:

"ಬರೂ ವರ್ಷ ಆ ಹುಡುಗಿ ಬಲಕ್ಕ ತಿರುಗಿ ನಿಂತದ್ದು ಎರಡ ಗೆರಿ ಆಗಿ ಕಾಣಬೇಕು. ಅದನ್ನ ನಾನ ಅಳಸಬೇಕು."