ಕಾಡು ಕಡಿದವರ ಹೆಸರು

ನನ್ನ ಮುತ್ತಾತನ ಅಪ್ಪನ ಹೆಸರು ನನಗೆ ಗೊತ್ತಿಲ್ಲ. ನಿಮಗೂ ನಿಮ್ಮವರದು ಗೊತ್ತಿರಲಾರದು. ಆದರೆ ನೀವು ಅದಕ್ಕಾಗಿ ಅಂಗಡಿ ಬಾಗಿಲು ಹಾಕಿಕೊಂಡು ಅಲೆದವರಲ್ಲ, ನಾನು ಅಲೆದವನು.

ನಂಜನಗೂಡಿನಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ. ಐದನೇ ಕ್ಲಾಸಿಗೆ ಸ್ಲೇಟು ಬಿಟ್ಟವನಾದರೂ ತಗಡಿನಲ್ಲಿ ಅಕ್ಷರ ಕತ್ತರಿಸಿ ಎಷ್ಟೋ ಮನೆಗಳ ಗೇಟಿಗೆ ಕೂರಿಸಿದ್ದೇನೆ. ಒತ್ತು ತಪ್ಪಿದೆ, ದೀರ್ಘ ತಪ್ಪಿದೆ ಎಂದು ಇದುವರೆಗೆ ಯಾವ ಮೇಷ್ಟ್ರೂ ಹೇಳಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ಊರಿನ ನಮ್ಮ ಹೊಲದಲ್ಲಿರುವ ಗದ್ದುಗೆಗೂ ಒಂದು ಗೇಟು ಮಾಡೋಣ ಎನ್ನಿಸಿತು. ನಮ್ಮದು ಕಾಡಂಚಿನ ಊರು. ಅಲ್ಲಿಗೆ ಮೊದಲು ಬಂದು, ಕಾಡು ಕಡಿದು ಹೊಲ ಮಾಡಿದ ಆ ಮುತ್ತಾತನ ಅಪ್ಪನನ್ನು ಅದೇ ಹೊಲದಲ್ಲಿ, ಆ ಗದ್ದುಗೆಯ ಕೆಳಗೆ ಮಣ್ಣು ಮಾಡಿದ್ದಾರೆ. ಗೇಟು ಎರಡು ದಿನದಲ್ಲಿ ಆಯಿತು. ಹೆಸರು ಬರೆಯಲು ಸೀಮೆಸುಣ್ಣ ಹಿಡಿದಾಗಲೇ ಗೊತ್ತಾದದ್ದು, ಅದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲವೆಂದು.

ಗೊತ್ತಿದ್ದ ಗಂಡಸರೆಲ್ಲ ಪ್ಲೇಗಿನಲ್ಲಿ ಹೋಗಿದ್ದರು. ನಮ್ಮಪ್ಪ ಆಗ ತೊಟ್ಟಿಲ ಕೂಸು. ಹಳೆಯ ಪತ್ರದಲ್ಲಿ ಮುತ್ತಾತನ ಹೆಸರಿದೆ, ‘ಬಿನ್’ ಎಂದಿದೆ, ಆಮೇಲೆ ಅಪ್ಪನ ಹೆಸರಿರಬೇಕಾದಲ್ಲಿ ಮಡಿಕೆ ಸವೆದು ತೂತಾಗಿದೆ. ಟಿ. ನರಸೀಪುರದ ಕಡೆ ಹೊಲ ಉಳುವಾಗ ಶಾಸನದ ಕಲ್ಲು ಏಳುವುದುಂಟು. ಯಾವ ರಾಜ ಯಾರಿಗೆ ಭೂಮಿ ಕೊಟ್ಟನೆಂದು ಅದರಲ್ಲಿರುತ್ತದೆ; ಆ ಭೂಮಿಯ ಮರದ ಬೇರು ಕಿತ್ತವನ ಹೆಸರಿರುವುದಿಲ್ಲ. ಅಂಥವರ ಹೆಸರು ಉಳಿದರೆ ಮನೆಯ ಮುದುಕಿಯರ ಬಾಯಲ್ಲಿ ಉಳಿಯಬೇಕು.

ನಮಗೆ ಉಳಿದಿದ್ದವರು ಒಬ್ಬರೇ, ತಾತನ ತಮ್ಮನ ಹೆಂಡತಿ, ಚಿಕ್ಕಜ್ಜಿ. ಪ್ಲೇಗಿನಲ್ಲಿ ಗಂಡ ಹೋದಮೇಲೆ ತವರಾದ ಹೆಮ್ಮಿಗೆಗೆ ಬಂದು, ಅಲ್ಲೇ ಎಪ್ಪತ್ತು ವರ್ಷ ಕಳೆದಿದ್ದರು. ನಾನು ಹೋದಾಗ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಗದ್ದುಗೆಯಲ್ಲಿರುವವರ ವಿಷಯ ಕೇಳಿದೆ.

‘ಬರುವಾಗ ಅವ್ರ ತಾವ ಇದ್ದಿದ್ದು ಒಂದ್ ಕೊಡ್ಲಿ, ಒಂದ್ ಜೊತೆ ಎತ್ತು, ಅಷ್ಟೇಯ. ಒಂದೆತ್ತ ಉಲಿ ಒತ್ಕಂಡೋಯ್ತು. ಉಳ್ದಿದ್ ಎತ್ತಿನ ಜೊತೆ ತಾವೇ ನೊಗಕ್ಕೆ ಎಗಲು ಕೊಟ್ರಂತೆ. ಸಾಯೋಗಂಟ ಆ ಎಗಲು ತಗ್ಗೇ ಇತ್ತಂತೆ.’

‘ಎಸ್ರೇನಜ್ಜಿ ಅವ್ರದು?’

‘ಎಡೆ ಇಕ್ಕುವಾಗ ನಮ್ಮಾವ ಕೂಗೋರು, ಕಿವೀಲೈತೆ. ಗಂಡನ ಮನೆ ಇರೀಕರ ಎಸ್ರ ಸೊಸೆಯಾದೋಳು ಏಳ್ತಾಳೇನ್ಲಾ?’

‘ಅವ್ರು ಸತ್ತು ನೂರೊರ್ಸ ಆಗೋಯ್ತಲ್ಲ.’

‘ಸತ್ರೆ ಇರೀತನಾನೂ ಸತ್ತೋಯ್ತದಾ? ನೀನೇ ಒಂದೊಂದೇ ಎಸ್ರ ಏಳ್ಕಂಡೋಗು. ಸರಿಯಾದ್ರೆ ಊಂ ಅಂತೀನಿ.’

‘ಮಾದಪ್ಪ?’

‘ಊಹೂಂ.’

‘ಬಸಪ್ಪ?’

‘ಅದು ನಮ್ಮಣ್ಣನ ಎಸ್ರು ಕಣ್ಲಾ.’

ನಂಜಪ್ಪ, ಸಿದ್ದಪ್ಪ, ಮಲ್ಲಪ್ಪ, ಚನ್ನಪ್ಪ. ಹನ್ನೆರಡು ಹೆಸರಿಗೆ ನನ್ನ ಸರಕು ಮುಗಿಯಿತು. ‘ಇಷ್ಟೇಯಾ ನಿನ್ ತಾವಿರೋದು?’ ಎಂದು ಅಜ್ಜಿ ಬೊಚ್ಚುಬಾಯಲ್ಲಿ ನಕ್ಕರು. ಆ ನಗು ನನಗೆ ಐದನೇ ಕ್ಲಾಸಿನ ಬೆಂಚನ್ನು ನೆನಪಿಸಿತು.

‘ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಜ್ಜಿ. ನಾನ್ ಕೆಲ್ಸ ಬಿಟ್ಟು ಬಂದಿವ್ನಿ.’

ಅವರ ಕೈ ನಿಂತಿತು. ‘ಗೊತ್ತಿಲ್ಲ ಅಂತ್ಲೇ ಅನ್ಕೋ ಮಗ.’

ಆಮೇಲೆ ಎರಡು ತಿಂಗಳು ಹೋಗಲಿಲ್ಲ. ಕಬ್ಬಿನ ಕಾಲ, ಟ್ರೈಲರ್ ರಿಪೇರಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಮುನಿಸು. ಆದರೂ ಅಂಗಡಿಗೆ ಬಂದ ಮುದುಕರನ್ನೆಲ್ಲ ಅವರ ತಾತಂದಿರ ಹೆಸರು ಕೇಳಿ ಅರವತ್ತು ಹೆಸರು ಬರೆದಿಟ್ಟುಕೊಂಡೆ. ಪಟ್ಟಿ ಹಿಡಿದು ಹೋದಾಗ ಅಜ್ಜಿ ತೀರಿಕೊಂಡು ಎಂಟು ದಿನವಾಗಿತ್ತು.

‘ನಂಜನಗೂಡಿನ್ ಮೊಮ್ಮಗ ಬಂದ್ನಾ ಅಂತ ದಿನಾ ಕೇಳೋರು ಕಣಣ್ಣ,’ ಎಂದಳು ಆ ಮನೆಯ ಸೊಸೆ. ‘ಅವನ್ನ ಬರೀಗೈಲಿ ಕಳಿಸ್ಬುಟ್ಟೆ ಅನ್ನೋರು.’

ನಾನು ಪಟ್ಟಿಯನ್ನು ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದೆ. ಗೇಟು ಹೆಸರಿಲ್ಲದೆಯೇ ನಿಂತಿದೆ.

ಈಗ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಟ್ಟು ಆ ಅರವತ್ತು ಹೆಸರನ್ನೂ ಕೂಗುತ್ತೇನೆ. ಮುದ್ದೆ ಆರಿಹೋಗುತ್ತದೆ. ‘ಊರೋರ ತಾತದೀರ್ನೆಲ್ಲ ಕರೀತಿದ್ದೀರಲ್ಲ, ಅಡ್ಗೆ ಸಾಲ್ಬೇಕಲ್ಲ,’ ಎನ್ನುತ್ತಾಳೆ ಹೆಂಡತಿ. ಬರಲಿ ಬಿಡಿ. ಯಾರದೋ ಮುತ್ತಾತ ಬಂದು ಉಂಡು ಹೋದರೆ ಹೋಗಲಿ. ಅವರನ್ನೂ ಅವರ ಮನೆಯವರು ಮರೆತಿರಬಹುದು. ನಾನು ಮಾತ್ರ ಒಂದೊಂದು ಹೆಸರಾದಮೇಲೂ ತುಸು ತಡೆಯುತ್ತೇನೆ, ಎಲ್ಲಿಂದಾದರೂ ಯಾರಾದರೂ ‘ಊಂ’ ಎಂದಾರೇನೋ ಎಂದು.