ಗಬ್ಬೂರಿನ ಓಣಿಯಲ್ಲಿ ನನ್ನ ಬಂಡೂರು ಕುರಿ

ಹುಬ್ಬಳ್ಳಿಗೆ ಬಂದ ಮೂರನೆಯ ದಿನ ಇಲ್ಲಿನ ನೆಲ ನನ್ನ ಚಪ್ಪಲಿ ಕಿತ್ತುಕೊಂಡಿತು. ಸುಳ್ಳಲ್ಲ. ಎಡಗಾಲು ಎತ್ತಿದೆ, ಕಾಲು ಬಂತು, ಚಪ್ಪಲಿ ಬರಲಿಲ್ಲ. ಬಲಗಾಲು ಎತ್ತಿದರೆ ಚಪ್ಪಲಿಯ ಜೊತೆ ಒಂದು ಸೇರು ಮಣ್ಣೂ ಬಂತು. ನಾನು ಮಳವಳ್ಳಿ ಕಡೆಯ ಕೆಂಪು ಮಣ್ಣಿನಲ್ಲಿ ಹುಟ್ಟಿ ಬೆಳೆದವಳು. ನಮ್ಮಲ್ಲಿ ಎಂಥ ಮಳೆ ಹುಯ್ದರೂ ಅರ್ಧ ಗಂಟೆಗೆ ನೆಲ ನೀರು ಕುಡಿದು ಸುಮ್ಮನಾಗುತ್ತದೆ. ಇಲ್ಲಿ ಅದು ಮೂರು ದಿನ ಹಿಟ್ಟಿನ ಹಾಗೆ ಕಲಸಿಕೊಂಡೇ ಇರುತ್ತದೆ. ಬೀದಿ ನಡುವೆ ಒಂಟಿ ಕಾಲಲ್ಲಿ ನಿಂತು ಅಳು ಬರುವಂತಾಗಿದ್ದಾಗ ಪಕ್ಕದ ಬಾಗಿಲಿಂದ ನಮ್ಮ ಮನೆ ಮಾಲೀಕರಾದ ನೀಲಕ್ಕ ಹೊರಗೆ ಬಂದರು.

"ಎರಿ ಮಣ್ಣಾಗ ಚಪ್ಪಲ್ ಕಾಲಾಗ ಹಾಕ್ಕೋಬಾರ್ದವಾ ತಂಗಿ, ಕೈಯಾಗ ಹಿಡ್ಕೋಬೇಕು" ಎಂದು ನಕ್ಕರು. ಎರಿ ಎಂದರೆ ನಮ್ಮ ಎರೆ, ಕಪ್ಪು ಮಣ್ಣು. ಮೊಣಕೈವರೆಗೆ ಕೈ ಹಾಕಿ ಚಪ್ಪಲಿ ಎಳೆದು ಕೊಟ್ಟರು. ಥ್ಯಾಂಕ್ಸ್ ಅಂದೆ. ಮನಸ್ಸಿನಲ್ಲಿ ಮಾತ್ರ ಉರಿಯಿತು. ಆಕೆ ಅದೇ ಕೆಸರಿನಲ್ಲಿ ಬರಿಗಾಲಲ್ಲಿ ಅಂಗಳ ಗುಡಿಸುವ ಹಾಗೆ ಆರಾಮಾಗಿ ನಡೆದು ಹೋದರು.

ನಮ್ಮ ಯಜಮಾನರಿಗೆ ಗೊಬ್ಬರದ ಗೋದಾಮಿನಲ್ಲಿ ಕೆಲಸ. ವರ್ಗವಾಗಿ ಬಂದು ಎರಡು ವರ್ಷವಾಯಿತು. ಬೈಪಾಸ್ ರಸ್ತೆಯ ಹತ್ತಿರ, ಗಬ್ಬೂರಿನಲ್ಲಿ ಮನೆ ಹಿಡಿದದ್ದು ನನ್ನ ಹಟಕ್ಕೆ. ಊರೊಳಗೆ ಒಳ್ಳೊಳ್ಳೆ ಮನೆಗಳಿದ್ದವು, ಆದರೆ ಹಿತ್ತಲಿರಲಿಲ್ಲ. ಹಿತ್ತಲಿಲ್ಲದ ಮನೆಗೆ ನಾನು ಬರುವುದಿಲ್ಲ ಅಂದುಬಿಟ್ಟಿದ್ದೆ. ಅದಕ್ಕೆ ಕಾರಣವಿದೆ. ಎಲ್ಲ ಬಾಗಿಲು ಮುಚ್ಚಿದ್ದ ಆ ಕಾಯಿಲೆಯ ಕಾಲದಲ್ಲಿ ನಾವು ಮೈಸೂರಿನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ಮಗಳು ಚೈತ್ರ ಆಗ ಅಂಬೆಗಾಲಿನ ಕೂಸು. ಎರಡು ದಿನ ಹಾಲಿಲ್ಲ, ಒಂದು ಮೊಟ್ಟೆ ಸಿಗಲಿಲ್ಲ, ಮಗುವಿಗೆ ಗಂಜಿ ತಿಳಿ ಕುಡಿಸಿದೆ. ಊರಲ್ಲಿ ನಮ್ಮಪ್ಪನ ಕೊಟ್ಟಿಗೆಯಲ್ಲಿ ಅದೇ ದಿನ ಕೋಳಿ ಮೊಟ್ಟೆ ತಿನ್ನುವವರಿಲ್ಲದೆ ಮರಿ ಮಾಡಲು ಬಿಟ್ಟಿದ್ದರಂತೆ. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಎಲ್ಲಿಗೆ ಹೋದರೂ ನನ್ನ ಮನೆಯಲ್ಲಿ ನಾನು ಸಾಕಿದ ಪ್ರಾಣಿ ಇರಬೇಕು, ಅಂಗಡಿ ಮುಚ್ಚಿದ ದಿನ ನನ್ನ ಮಗಳು ಹಸಿಯಬಾರದು.

ಹಾಗಾಗಿ ಮನೆ ಸಾಮಾನಿನ ಲಾರಿಯಲ್ಲಿ ನಾಲ್ಕು ನಾಟಿ ಕೋಳಿಗಳೂ ಬುಟ್ಟಿಯಲ್ಲಿ ಕೂತು ಹುಬ್ಬಳ್ಳಿಗೆ ಬಂದವು. ನೀಲಕ್ಕನವರದ್ದು ಕೊರಳಲ್ಲಿ ಲಿಂಗವಿರುವ ಮನೆತನ. ಕೋಳಿ ನೋಡಿ ಹುಬ್ಬೇರಿಸಿದರು, ಬೇಡವೆನ್ನಲಿಲ್ಲ. "ಇಟ್ಕೋವಾ, ಅವೂ ಜೀವಾನ. ಆದ್ರ ಪೂಜಿ ಹೊತ್ತಿನ್ಯಾಗ ಅಂಗಳಕ್ಕ ಬಿಡಬ್ಯಾಡ. ತತ್ತಿ ಮುಂದಿನ ಬಾಗಲಿಂದ ಒಯ್ಯಬ್ಯಾಡ." ಮೊಟ್ಟೆಗೆ ಇಲ್ಲಿ ತತ್ತಿ ಅನ್ನುತ್ತಾರೆ.

ಆಕೆಯ ಹಿತ್ತಲಲ್ಲಿ ಎರಡು ಆಡುಗಳಿದ್ದವು, ಗಂಗಿ ಮತ್ತು ತುಂಗಿ. ಸೊಂಟದೆತ್ತರದ ಕಟ್ಟೆ ಕಟ್ಟಿಸಿ, ಮೇಲೆ ಫರಸಿ ಕಲ್ಲು ಹಾಸಿ, ತಗಡು ಹೊದಿಸಿ ಆಡುಗಳನ್ನು ಅಲ್ಲಿ ನಿಲ್ಲಿಸುತ್ತಿದ್ದರು. ಮೊದಲ ದಿನವೇ ನನಗೆ ನಗು ಬಂದಿತ್ತು. ನಮ್ಮ ಕಡೆ ಮನುಷ್ಯರೇ ನೆಲದ ಮೇಲೆ ಚಾಪೆ ಹಾಸಿ ಮಲಗುತ್ತೇವೆ, ಇಲ್ಲಿ ಆಡಿಗೆ ಕಲ್ಲಿನ ಮಂಚ! ಅವುಗಳ ಮೇವೋ, ಆಕೆಯ ತವರಾದ ಸುಳ್ಳ ಎಂಬ ಹಳ್ಳಿಯಿಂದ ಬರುತ್ತಿತ್ತು. ವಾರಕ್ಕೊಮ್ಮೆ ಆಕೆಯ ಅಣ್ಣ ಟಂಟಂ ಗಾಡಿಯಲ್ಲಿ ಕಡಲೆ ಹೊಟ್ಟು, ತೊಗರಿ ಹೊಟ್ಟಿನ ಚೀಲ ತಂದು ಇಳಿಸಿ, ಚಾ ಕುಡಿದು, ತಂಗಿಯ ತಲೆ ಸವರಿ ಹೋಗುತ್ತಿದ್ದ. ಅರ್ಧ ಗಂಟೆಯ ದಾರಿ. ನನ್ನ ತವರಿಗೆ ಒಂದು ರಾತ್ರಿ ಪೂರ್ತಿ ಬಸ್ಸಿನಲ್ಲಿ ಕೂರಬೇಕು, ಆಮೇಲೆ ಇನ್ನೆರಡು ಬಸ್ಸು. ಆ ಗಾಡಿಯ ಸದ್ದು ಕೇಳಿದರೆ ನಾನು ಅಡುಗೆ ಮನೆಯ ಕಿಟಕಿ ಮುಚ್ಚುತ್ತಿದ್ದೆ. ಹೊಟ್ಟೆಕಿಚ್ಚಿಗೆ ಬೇರೆ ಹೆಸರು ಇಡುವುದು ನನಗೆ ಬರುವುದಿಲ್ಲ.

ಕಳೆದ ವರ್ಷದ ಮಳೆಗಾಲದಲ್ಲಿ ನಾನು ಕಾಯುತ್ತಿದ್ದ ದಿನ ಬಂತು. ಕಾಯುತ್ತಿದ್ದೆ ಅನ್ನುವುದು ಪಾಪದ ಮಾತು, ಆದರೂ ನಿಜ. ಜಡಿಮಳೆ ಹಿಡಿದು ತಗ್ಗಿನ ರಸ್ತೆಯಲ್ಲಿ ನೀರು ನಿಂತು ನಾಲ್ಕು ದಿನ ಹಾಲಿನ ಗಾಡಿ ಬರಲಿಲ್ಲ, ಕಾಯಿಪಲ್ಲೆ ಬರಲಿಲ್ಲ. ನನ್ನ ಬುಟ್ಟಿಯಲ್ಲಿ ಇಪ್ಪತ್ತಾರು ಮೊಟ್ಟೆ. ಎಷ್ಟು ಹೆಮ್ಮೆ ನನಗೆ! ಈಗ ಬರಲಿ ಎಲ್ಲರೂ, ಮಂಡ್ಯದವಳ ಹತ್ತಿರ ಏನಿದೆ ನೋಡಲಿ ಅಂತ ಬಾಗಿಲು ತೆರೆದು ಕೂತೆ. ಓಣಿಯ ಹೆಂಗಸರು ತಲೆಗೆ ಗೋಣಿಚೀಲದ ಗೊಪ್ಪೆ ಹಾಕಿಕೊಂಡು ಒಬ್ಬೊಬ್ಬರೇ ಬಂದರು. ಬಂದದ್ದು ನೀಲಕ್ಕನ ಬಾಗಿಲಿಗೆ. ಕೈಯಲ್ಲಿ ಪುಟ್ಟ ಪುಟ್ಟ ಗಿಂಡಿ. ನಮ್ಮ ಓಣಿಯಲ್ಲಿ ಮೊಟ್ಟೆ ಮುಟ್ಟುವ ಮನೆ ಎರಡೋ ಮೂರೋ, ಹಾಲು ಬೇಕಾದ ಮನೆ ಎಲ್ಲವೂ.

ನೀಲಕ್ಕ ಕೂಸಿರುವ ಮನೆಗೆ, ಮುದುಕರಿರುವ ಮನೆಗೆ ಅಳೆದು ಅಳೆದು ಹಾಕಿದರು. ತಾವು ಕರಿ ಚಾ ಕುಡಿದರು. ಕೊನೆಗೆ ನನ್ನ ಮಗಳನ್ನೂ ಕರೆದರು, "ಬಾರವಾ ಚೈತ್ರಾ, ಆಯಿ ಹಂತ್ಯಾಕ ಬಾ." ಹುಡುಗಿ ಓಡಿ ಹೋಗಿ ಲೋಟ ಖಾಲಿ ಮಾಡಿ, ಬಿಳಿ ಮೀಸೆ ಒರೆಸಿಕೊಂಡು ಬಂದು ನನಗೇ ಹೇಳುತ್ತದೆ, "ಅಮ್ಮಾ, ಆಯಿ ಹಾಲು ಭಾಳ ಛಲೋ ಐತಿ." ಆಯಿ ಎಂದರೆ ಇಲ್ಲಿ ಅಜ್ಜಿ. ಯಾರ ಹೊಟ್ಟೆಗಾಗಿ ನಾನು ಈ ಕೋಳಿಗಳನ್ನು ಮುನ್ನೂರು ಮೈಲಿ ಹೊತ್ತು ತಂದೆನೋ ಆ ಹೊಟ್ಟೆಯನ್ನು ಪಕ್ಕದ ಮನೆಯ ಆಡು ತುಂಬಿಸಿತು. ಆ ಹೆಂಗಸು ಒಂದು ಸಲವಾದರೂ ಜಂಭ ಪಟ್ಟಿದ್ದರೆ ಚೆನ್ನಾಗಿ ಬೈದುಕೊಂಡು ಹಗುರಾಗುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ. ನಾವು ಮೂವರು ಒಂದು ವಾರ ಮೂರು ಹೊತ್ತೂ ಮೊಟ್ಟೆ ತಿಂದೆವು.

ಈ ವರ್ಷ ಕಾರಹುಣ್ಣಿಮೆಯ ಮುಂಚೆ ಊರಿಗೆ ಹೋದೆ. ಒಂದು ಹಾಲಿನ ಆಡು ಕೊಂಡು ತರಬೇಕು ಅನ್ನುವುದು ಲೆಕ್ಕಾಚಾರ. ತಂದದ್ದು ಕುರಿ! ಅಣ್ಣನ ಕೊಟ್ಟಿಗೆಯಲ್ಲಿ ಬಂಡೂರು ಕುರಿ ನಿಂತಿತ್ತು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಇಲ್ಲಿಯವರಿಗೆ ಎಷ್ಟು ಹೇಳಿದರೂ ತಿಳಿಯುವುದಿಲ್ಲ. ಗಿಡ್ಡ ಕಾಲು, ದುಂಡು ಮೈ, ಹಿಂದಿನಿಂದ ನೋಡಿದರೆ ಪೀಪಾಯಿ. ಗಬ್ಬ ಕಟ್ಟಿತ್ತು. ಅದರ ಮುಂದೆ ಗಂಗಿ ತುಂಗಿ ಯಾವ ಲೆಕ್ಕ ಅನ್ನಿಸಿಬಿಟ್ಟಿತು. "ಹಾಲಿಗೆ ಅಂತ ಬಂದೋಳು ಕುರಿ ಯಾಕಮ್ಮಿ ಹೊಡ್ಕೊಂಡೋಗೀಯೆ?" ಅಂದ ಅಣ್ಣ. "ಕಷ್ಟಕ್ಕಾಯ್ತದೆ ಕಣಣ್ಣ" ಅಂದೆ. ಕಷ್ಟಕ್ಕಲ್ಲ, ನೀಲಕ್ಕನಿಗೆ ತೋರಿಸುವುದಕ್ಕೆ. ಪರಿಚಯದವರ ಗೂಡ್ಸ್ ಗಾಡಿಯಲ್ಲಿ ಕುರಿ ಹುಬ್ಬಳ್ಳಿಗೆ ಬಂತು.

ಓಣಿಯೇ ನೋಡಲು ಬಂತು. ನೀಲಕ್ಕ ಅದರ ಬೆನ್ನು ತಡವಿ, "ಎಷ್ಟು ಛಂದ ಐತಿ! ಮೈ ನೋಡು ಇದರದ್ದು" ಅಂದರು. ಆ ಸಂಜೆ ನನಗೆ ರೊಟ್ಟಿ ಕೂಡ ದುಂಡಗೆ ಬಂತು. ಆದರೆ ಹೋಗುವಾಗ ಆಕೆ ಇನ್ನೊಂದು ಮಾತು ಹೇಳಿದರು. "ತಂಗಿ, ಮಳಿ ಹಿಡಿಯೂದ್ರೊಳಗ ನಾಕು ಫರಸಿ ಹಾಕ್ಸು. ಎರಿ ಮಣ್ಣಾಗ ಇದು ನಿಂದ್ರಾಂಗಿಲ್ಲ."

"ನಮ್ಮಲ್ಲಿ ಕುರಿ ನೆಲದ ಮೇಲೇ ಮಲಗೋದು ಅಕ್ಕ" ಅಂದೆ.

"ನಿಮ್ಮ ನೆಲ ಬ್ಯಾರೆ ಅಲ್ಲವಾ?"

"ಕುರಿ ನಮ್ಮದು ಅಲ್ವಾ" ಅಂದುಬಿಟ್ಟೆ. ನಮ್ಮಪ್ಪ ಮಾಡುತ್ತಿದ್ದ ಹಾಗೆ ನೆಲ ಸಮ ಮಾಡಿ ಬೂದಿ ಎರಚಿ ಗೂಟ ಹೊಡೆದು ಕಟ್ಟಿದೆ. ನಮ್ಮ ಕೆಂಪು ನೆಲದಲ್ಲಿ ಇಷ್ಟೇ ಸಾಕು. ಚಪ್ಪಲಿ ಕಳೆದುಕೊಂಡ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬುದ್ಧಿ ಇತ್ತು, ಆದರೆ ಆಕೆಯ ಬಾಯಿಂದ ಬಂದ ಮಾತು ಕೇಳಲು ಮನಸ್ಸಿರಲಿಲ್ಲ.

ಶ್ರಾವಣದ ಮಳೆ ಹಿಡಿಯಿತು. ಬೂದಿ ಒಂದೇ ದಿನಕ್ಕೆ ಕೆಸರಿನಲ್ಲಿ ಸೇರಿಹೋಯಿತು. ಕುರಿಯ ಗೊರಸಿನ ಸಂದಿಯಲ್ಲಿ ಮಣ್ಣು ಮೆತ್ತಿ, ಬಿಸಿಲು ಇಣುಕಿದಾಗ ಇಟ್ಟಿಗೆಯಾಗಿ, ಮತ್ತೆ ಮಳೆಗೆ ನೆನೆದು, ಒಳಗೆ ಹುಣ್ಣಾಯಿತು. ಕುಂಟತೊಡಗಿತು. ಅರಿಶಿನ, ಬೇವಿನೆಣ್ಣೆ ಹಚ್ಚಿದೆ. ನೀಲಕ್ಕನಿಗೆ ಕಾಣದಿರಲಿ ಎಂದು ಎರಡು ಹಿತ್ತಲ ನಡುವಿನ ಗೋಡೆಯಲ್ಲಿದ್ದ ದಾರಿಗೆ ಒಂದು ಹಳೇ ಸೀರೆ ಕಟ್ಟಿದೆ. ಎಂಟನೆಯ ದಿನ ಕುರಿ ಮುಂಗಾಲು ಮಡಚಿ ಮೊಣಕಾಲ ಮೇಲೆ ಮೇಯತೊಡಗಿತು, ಹತ್ತನೆಯ ದಿನ ಮೇಯಲೂ ಇಲ್ಲ. ಹೊಟ್ಟೆಯೊಳಗಿನ ಮರಿ ಮಾತ್ರ ಮಿಸುಕುತ್ತಿತ್ತು. ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು, ಎರಡು ಜೀವ ಕೊಂದೆನಲ್ಲ ತಾಯಿ ಎಂದು ಅತ್ತೆ. ಆಗಲೂ ಪಕ್ಕದ ಬಾಗಿಲು ಬಡಿಯಲು ಕೈ ಬರಲಿಲ್ಲ. ಬಡಿದದ್ದು ನನ್ನ ಮಗಳು.

ನೀಲಕ್ಕ ಸೀರೆ ಸರಿಸಿ ಒಳಗೆ ಬಂದರು. ನಾನು ಹೇಳಿರಲಿಲ್ಲವೇ ಅನ್ನುವ ಮಾತಿಗೆ ಕಾಯುತ್ತಾ ತಲೆ ತಗ್ಗಿಸಿದೆ. ಅವರು ಬಿಸಿನೀರು ತರಿಸಿ, ಗೊರಸು ನೆನೆಸಿ, ಮಣ್ಣನ್ನು ಬೆರಳಿನಿಂದ ಬಿಡಿಸುತ್ತಾ ಕುರಿಗೇ ಹೇಳಿದರು, "ಭಾಳ ನೋವು ಆತೇನವಾ? ತಡಿ, ಆತು, ಆತು." ದನದ ಡಾಕ್ಟರನ್ನೂ ಅವರೇ ಕರೆಸಿದರು. ಡಾಕ್ಟರು ಕೊಳೆತದ್ದನ್ನು ಕೆತ್ತಿ, ಸೂಜಿ ಹಾಕಿ, "ಒಣಾ ಜಾಗಾದಾಗ ಇಡ್ರಿ. ಇಲ್ಲಾಂದ್ರ ಇದು ಉಳ್ಯಾಂಗಿಲ್ರಿ" ಅಂದು ಹೋದರು. ಒಣ ಜಾಗ ಅಂದರೆ ಇಡೀ ಓಣಿಗೆ ಒಂದೇ, ಆ ಕಟ್ಟೆ.

ನಾನು ಕೇಳುವ ಮೊದಲೇ ಆಕೆ ತುಂಗಿಯನ್ನು ಕಟ್ಟೆಯಿಂದ ಇಳಿಸಿ ತಮ್ಮ ಪಡಸಾಲೆಯ ಕಂಬಕ್ಕೆ ಕಟ್ಟಿದರು. ಪೂಜೆಗೆ ಕೂರುವ ಪಡಸಾಲೆ ಅದು. "ನಮ್ಮ ಮನೆಯೊಳಗೇ ಇಟ್ಕೋತೀನಿ ಅಕ್ಕ" ಅಂದೆ, ಸೋತ ದನಿಯಲ್ಲಿ. "ಎರಡು ಖೋಲಿ ಮನ್ಯಾಗ ಕುರಿ ಇಟ್ಕೊಂಡು ಕೂಸಿನ್ನ ಎಲ್ಲಿ ಮಲಗಿಸ್ತಿ? ಎತ್ತು ಆ ಕಡೆ" ಎಂದು ಗದರಿದರು. ನಾವಿಬ್ಬರೂ ಕುರಿಯನ್ನು ಎತ್ತಿ ಒಯ್ದೆವು.

ಕುರಿ ಉಳಿಯಿತು. ದಿನಾ ಎರಡು ಹೊತ್ತು ಹೋಗಿ ಗೊರಸು ತೊಳೆದು ಮದ್ದು ಹಾಕುವವಳು ನಾನು. ಉರಿ ಮದ್ದಿನವಳು ನಾನು, ತೊಗರಿ ಹೊಟ್ಟಿನವರು ಅವರು. ನನ್ನ ಹೆಜ್ಜೆ ಸದ್ದಿಗೆ ಅದು ಕಾಲು ಹಿಂದೆ ಎಳೆದುಕೊಳ್ಳುತ್ತಿತ್ತು, ಅವರ ಬಳೆ ಸದ್ದಿಗೆ ಕೂಗುತ್ತಿತ್ತು. ದಸರೆಯ ವಾರದಲ್ಲಿ ಒಂದು ಮಧ್ಯಾಹ್ನ ನಾನು ಮಗಳ ಶಾಲೆಗೆ ಹೋಗಿ ಬರುವಷ್ಟರಲ್ಲಿ ಮರಿ ಹಾಕಿತ್ತು. ಹೆಣ್ಣು ಮರಿ. ನೀಲಕ್ಕ ಅದನ್ನು ಸೆರಗಿನಲ್ಲಿ ಒರೆಸುತ್ತಿದ್ದರು, ಓಣಿಯ ಹೆಂಗಸರು ಅವರಿಗೆ ಬಾಣಂತನದ ತಮಾಷೆ ಮಾಡುತ್ತಿದ್ದರು. ನನಗೆ ಸಂತೋಷವಾಯಿತು, ಅದರ ಎರಡರಷ್ಟು ಸಂಕಟವಾಯಿತು. ನಮ್ಮೂರಿನ ಕುರಿ, ನಾನು ತಂದ ಕುರಿ, ಒಂದೇ ಒಂದು ತಾಸು ತಡೆಯಬಾರದಿತ್ತೇ?

ಗುದ್ದಾಡಿ ಯಜಮಾನರ ಕೈಲಿ ನನ್ನ ಹಿತ್ತಲಿಗೂ ಕಟ್ಟೆ ಹಾಕಿಸಿದೆ. ಎಂಟು ಫರಸಿ, ಮೇಲೆ ತಗಡು, ಆಕೆಯದಕ್ಕಿಂತ ಒಂದು ಗೇಣು ಎತ್ತರ. ದೀಪಾವಳಿಯ ಮರುದಿನ ತಾಯಿ ಮರಿ ಎರಡನ್ನೂ ಹೊಡೆದು ತಂದು ಕಟ್ಟಿದೆ. ಊರಿಂದ ಹುರುಳಿ ಹೊಟ್ಟು ತರಿಸಿಟ್ಟಿದ್ದೆ. ಕುರಿ ಮೂಸಿ ಮುಖ ತಿರುಗಿಸಿತು. ಗೋಡೆಯ ಕಡೆ ನೋಡಿ ಕೂಗಲು ಶುರು ಮಾಡಿತು. ಇಡೀ ದಿನ ಕೂಗಿತು, ಮರಿಯೂ ಸೇರಿಕೊಂಡಿತು. ಅವತ್ತು ನೀಲಕ್ಕ ಹಿತ್ತಲಿಗೆ ಕಾಲೇ ಇಡಲಿಲ್ಲ. ತಮ್ಮ ದನಿ ಕೇಳಿದರೆ ಕುರಿ ನನ್ನಲ್ಲಿ ನಿಲ್ಲುವುದಿಲ್ಲ ಎಂದು, ಗಂಗಿ ತುಂಗಿಯರನ್ನು ಬೀದಿ ಬಾಗಿಲಿಗೆ ತಂದು ಬಾಯಿ ಬಿಡದೆ ಹಾಲು ಹಿಂಡಿಕೊಂಡರಂತೆ. ಮಗಳು ಬಂದು ಹೇಳಿದಳು. ಅಷ್ಟು ಒಳ್ಳೆಯತನವನ್ನು ಏನು ಮಾಡಬೇಕೆಂದು ತಿಳಿಯದೆ ಎರಡನೆಯ ದಿನ ಬೆಳಿಗ್ಗೆ ನಾನೇ ಹಗ್ಗ ಬಿಚ್ಚಿದೆ. ಕುರಿ ನನ್ನತ್ತ ತಿರುಗಿಯೂ ನೋಡದೆ ಮರಿಯನ್ನು ಕರೆದುಕೊಂಡು ಪಕ್ಕದ ಹಿತ್ತಲಿಗೆ ಹೋಯಿತು.

"ಯಾಕ ಬಂದ್ಯವಾ? ಹೋಗು ನಿಮ್ಮ ಮನಿಗೆ" ಎಂದು ನೀಲಕ್ಕ ಗದರುವುದು ಕೇಳಿಸಿತು.

"ಇರಲಿ ಬಿಡ್ರಿ ಅಕ್ಕಾರ, ಅಲ್ಲೇ ಇರಲಿ" ಎಂದು ಗೋಡೆಯ ಈಚೆಯಿಂದಲೇ ಕೂಗಿದೆ. ನನ್ನ ಹೊಸ ಕಟ್ಟೆಯ ಮೇಲೆ ಈಗ ಕೋಳಿಗಳು ಕೂರುತ್ತವೆ.

ಮೊನ್ನೆ ಅಣ್ಣ ಫೋನ್ ಮಾಡಿದ್ದ. "ಕುರಿ ಹೊಂದ್ಕತೇನಮ್ಮಿ ಅಲ್ಲಿಗೆ?" ಅಂತ ಕೇಳಿದ.

"ಹೊಂದ್ಕೊಂಡದ, ಆರಾಮ ಐತಿ" ಅಂದೆ. ಅವನು ಬಿದ್ದು ಬಿದ್ದು ನಕ್ಕ. "ನೀನೂ ಆ ಕಡೆಯೋಳೇ ಆಗೋದೆ ಕಣವ್ವ!"

ಅವನಿಗೆ ಹಾಗೆ ಕೇಳಿಸುತ್ತದೆ. ಫೋನಿಟ್ಟು ಬೀದಿ ಬಾಗಿಲಿಗೆ ಬಂದೆ. ಕುರಿ ಬೀದಿಯಲ್ಲಿ ಬೇವಿನ ಎಲೆ ಆಯುತ್ತಿತ್ತು. ಓಣಿಗೆ ಹೊಸದಾಗಿ ಬಂದ ಒಬ್ಬ ಹೆಂಗಸು ಎದುರು ಮನೆಯವರನ್ನು, ಇದು ಯಾರ ಕುರಿ ಎಂದು ಕೇಳುತ್ತಿದ್ದಳು. "ನಮ್ಮ ಓಣಿದ ರೀ, ನೀಲಕ್ಕಾರ ಕುರಿ" ಅಂದರು ಅವರು. ಆಮೇಲೆ ಬಾಗಿಲಲ್ಲಿ ನಿಂತ ನನ್ನ ಕಡೆ ಕೈ ತೋರಿಸಿ, "ಅಕಿ ಮಂಡ್ಯದಾಕಿ" ಅಂದರು.

ನಾನು ಬಂದು ಎರಡು ವರ್ಷವಾಯಿತು. ಅದು ಬಂದದ್ದು ಈ ಕಾರಹುಣ್ಣಿಮೆಗೆ.