ಎಡಜೇಬಿನಲ್ಲಿ ಉಳಿದ ನಾಲ್ಕು ಹುಣಸೆಬೀಜ

ಬೆಳಗ್ಗೆ ಐದೂವರೆಗೆ ಈಜುಕೊಳದ ಗೇಟು ತೆರೆಯುವಾಗ ಅವರ ಬೂದು ಚಡ್ಡಿಯ ಎಡಜೇಬು ಉಬ್ಬಿರುತ್ತಿತ್ತು, ಬಲಜೇಬು ಚಪ್ಪಟೆಯಾಗಿರುತ್ತಿತ್ತು. ಮಕ್ಕಳೆಲ್ಲ ನೀರಿಗಿಳಿದ ಮೇಲೆ ನೋಡಿದರೆ ಬಲಜೇಬು ಉಬ್ಬಿ ಎಡಜೇಬು ಇಳಿದುಹೋಗಿರುತ್ತಿತ್ತು. ಎಂಟು ಗಂಟೆಗೆ ಕೊನೆಯ ಮಗು ಟವಲ್ ಸುತ್ತಿಕೊಂಡು ಹೊರಡುವ ಹೊತ್ತಿಗೆ ಉಬ್ಬು ಮತ್ತೆ ಎಡಕ್ಕೇ ಬಂದಿರುತ್ತಿತ್ತು. ಆ ಜೇಬುಗಳಲ್ಲಿ ಇರುತ್ತಿದ್ದದ್ದು ಹುಣಸೆಬೀಜ. ಒಂದು ಮಗು ನೀರಿಗಿಳಿದರೆ ಒಂದು ಬೀಜ ಎಡದಿಂದ ಬಲಕ್ಕೆ, ಮೇಲೆ ಬಂದರೆ ಬಲದಿಂದ ಎಡಕ್ಕೆ. ಬಾಯಿ ಯಾರ ಜೊತೆ ಮಾತಾಡುತ್ತಿದ್ದರೂ ಕೈ ತನ್ನ ಕೆಲಸ ಮರೆಯುತ್ತಿರಲಿಲ್ಲ.

"ಇಳಿದಷ್ಟೂ ತಲೆ ಮೇಲಕ್ಕೆ ಬರ್ಬೇಕು. ಅದು ನನ್ ಕೆಲಸ. ಈಜು ಕಲಿಸೋದೆಲ್ಲ ಆಮೇಲಿನ ಮಾತು" ಅನ್ನುತ್ತಿದ್ದರು.

ನಾವೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ವಯಸ್ಸು ಎಪ್ಪತ್ತರ ಹತ್ತಿರ. ಬಿಳೇಕಹಳ್ಳಿಯವರು. ಅವರ ತಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಮನೆ, ಮೇಲಿನ ಎರಡರಲ್ಲಿ ಬಾಡಿಗೆದಾರರು. ಕೊಳದ ಕೆಲಸ ಅವರಿಗೆ ಹೊಟ್ಟೆಪಾಡಿನದ್ದಲ್ಲ. ಜೆ.ಪಿ. ನಗರದ ಆ ಕೊಳಕ್ಕೆ ಮೊದಲು ಮೊಮ್ಮಗಳನ್ನು ಕರೆತಂದವರು, ಅಲ್ಲಿ ಮಕ್ಕಳ ತಲೆ ಎಣಿಸುವವರು ಯಾರೂ ಇಲ್ಲದ್ದು ಕಂಡು ತಾವೇ ನಿಂತುಬಿಟ್ಟರಂತೆ. ಅವರು ಈಜು ಕಲಿತದ್ದು ತೋಟದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು. ಅಂಥದ್ದೇ ಒಂದು ಬುರುಡೆಯನ್ನು ಕೊಳದ ಕೋಣೆಯಲ್ಲೂ ನೇತುಹಾಕಿದ್ದರು. ಪ್ಲಾಸ್ಟಿಕ್ ಹಲಗೆಗಳು ರಾಶಿ ಬಿದ್ದಿದ್ದರೂ, ತೀರಾ ಹೆದರುವವರಿಗೆ ಬುರುಡೆಯೇ ಗತಿ. ನನ್ನ ಬೆನ್ನಿಗೂ ಅದನ್ನು ಕಟ್ಟಿದ್ದರು. ಆಗ ನನಗೆ ನಲವತ್ತೆರಡು. ಪಕ್ಕದಲ್ಲಿ ಎರಡನೇ ಕ್ಲಾಸಿನ ಮಕ್ಕಳು ಮೂಗು ಹಿಡಿದುಕೊಂಡು ನಗುತ್ತಿದ್ದವು.

ನಾನು ಹಲ್ಲಿನ ಡಾಕ್ಟರು. ಜಯನಗರದಲ್ಲಿ ಹತ್ತೊಂಬತ್ತು ವರ್ಷದಿಂದ ಕ್ಲಿನಿಕ್ ನಡೆಸುತ್ತಿದ್ದೇನೆ. ದಿನಕ್ಕೆ ಎಷ್ಟು ಸಲ ಹಲ್ಲುಜ್ಜುತ್ತೀರಿ ಎಂದು ಕೇಳಿದರೆ ಎಲ್ಲರೂ ಎರಡು ಸಲ ಅನ್ನುತ್ತಾರೆ. ಬಾಯಿ ತೆರೆದ ಕೂಡಲೇ ಸುಳ್ಳು ಬಯಲಾಗುತ್ತದೆ. ನಾನು ಹುಬ್ಬೇರಿಸಿ ನೋಡುತ್ತೇನೆ, ಅವರು ಕಣ್ಣು ತಪ್ಪಿಸುತ್ತಾರೆ. ಆ ಹುಬ್ಬೇರಿಸುವುದರಲ್ಲಿ ನನಗೆ ಸಣ್ಣ ಖುಷಿಯೂ ಇತ್ತು ಎಂದು ಒಪ್ಪಿಕೊಳ್ಳಬೇಕು.

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ದಿನ ಟ್ರಯಥ್ಲಾನ್ ಸುದ್ದಿ ಬಂತು. ಮೊದಲು ಈಜು, ಮೈ ಆರುವ ಮೊದಲೇ ಸೈಕಲ್, ಸೈಕಲ್ ಇಳಿದವರೇ ಓಟ. ಹೊಸಬರಿಗಾಗಿ ಚಿಕ್ಕದೊಂದು ಇತ್ತು: ಏಳುನೂರೈವತ್ತು ಮೀಟರ್ ಈಜು, ಇಪ್ಪತ್ತು ಕಿಲೋಮೀಟರ್ ಸೈಕಲ್, ಐದು ಕಿಲೋಮೀಟರ್ ಓಟ. ಯಾರೂ ಕೇಳದಿದ್ದರೂ ನಾನು ಮಾಡ್ತೀನಿ ಎಂದು ಬರೆದುಬಿಟ್ಟೆ. ಮೂವತ್ತು ಜನ ಹೆಬ್ಬೆರಳು ಎತ್ತಿದರು. ಆಮೇಲೆ ಹಿಂದೆ ಸರಿಯುವುದು ಹೇಗೆ?

ಈಜು ಕಲಿಯಲು ಹೋದಾಗ ಮೇಷ್ಟ್ರು ಎರಡು ತಿಂಗಳು ತಪ್ಪದೆ ಬರಬೇಕು ಅಂದರು. ನಾನು ಹೋದದ್ದು ಹೆಚ್ಚೆಂದರೆ ಹನ್ನೆರಡು ದಿನ. ಒಮ್ಮೆ ನೆಗಡಿ, ಒಮ್ಮೆ ನೆಂಟರು, ಮಿಕ್ಕ ದಿನ ಬರೀ ಹಾಸಿಗೆ. ಅವರು ಫೋನ್ ಮಾಡಿದಾಗ ಮನೆಯ ಹತ್ತಿರದ ಬೇರೆ ಕೊಳಕ್ಕೆ ಹೋಗುತ್ತಿದ್ದೇನೆ ಎಂದೆ. ಒಳ್ಳೇದಾಯ್ತು ಎಂದು ಅವರು ಮನಸಾರೆ ಸಂತೋಷಪಟ್ಟರು. ಆ ಕೊಳ ಎಲ್ಲಿದೆ ಎಂದು ಕೂಡ ಕೇಳಲಿಲ್ಲ.

ಸ್ಪರ್ಧೆಯ ಈಜು ನಮ್ಮ ಕೊಳದಲ್ಲೇ ನಡೆಯಿತು. ಇಪ್ಪತ್ತೈದು ಮೀಟರ್ ಉದ್ದದ ಕೊಳ, ಒಂದು ತುದಿಯಿಂದ ಇನ್ನೊಂದಕ್ಕೆ ಒಂದು ಸುತ್ತು, ಹಾಗಾಗಿ ಮೂವತ್ತು ಸುತ್ತು. ಹಗ್ಗ ಕಟ್ಟಿ ಬೇರೆ ಮಾಡಿದ ಒಂದೊಂದು ಸಾಲಿಗೂ ಸುತ್ತು ಎಣಿಸುವವರೊಬ್ಬರು. ಬೇರೆಯವರೆಲ್ಲ ರಟ್ಟು, ಪೆನ್ನು ಹಿಡಿದು ನಿಂತಿದ್ದರೆ, ನನ್ನ ಸಾಲಿನ ತುದಿಯಲ್ಲಿ ಮೇಷ್ಟ್ರು ಎಡಜೇಬಿಗೆ ಮೂವತ್ತು ಬೀಜ ಹಾಕಿಕೊಂಡು ನಿಂತಿದ್ದರು. ನಮ್ಮ ಡಾಕ್ಟ್ರಮ್ಮಂದು ನಾನೇ ಎಣಿಸ್ತೀನಿ ಎಂದು ಕೇಳಿಕೊಂಡು ಬಂದಿದ್ದರಂತೆ.

ಹತ್ತನೇ ಸುತ್ತಿಗೇ ತೋಳು ಸೋತವು. ಹದಿನೆಂಟಕ್ಕೆ ಹಗ್ಗಕ್ಕೆ ಜೋತುಬಿದ್ದೆ. ನೀರು ಕುಡಿದೆ, ಕೆಮ್ಮಿದೆ, ಕಪ್ಪೆಯ ಹಾಗೆ ಕಾಲು ಬಡಿಯುತ್ತಾ ತೆವಳಿದೆ. ಇಪ್ಪತ್ತಾರು ಮುಗಿಸಿ ಮೇಷ್ಟ್ರಿದ್ದ ಕಡೆಯ ಗೋಡೆ ಮುಟ್ಟಿ ತಲೆಯೆತ್ತಿದಾಗ ಕೊಳದಲ್ಲಿ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ. ಅಪಾರ್ಟ್‌ಮೆಂಟಿನವರು ಮೊಬೈಲ್ ಹಿಡಿದು ಸಾಲಾಗಿ ನಿಂತಿದ್ದರು. ಇನ್ನು ನಾಲ್ಕು ಸುತ್ತು ಅವರ ಕಣ್ಣೆದುರು ಒದ್ದಾಡುವುದನ್ನು ನೆನೆದೇ ಮೈ ಹಿಡಿಯಾಯಿತು. ಏಣಿ ಹಿಡಿದು ಹತ್ತಿಬಿಟ್ಟೆ.

ಮೇಷ್ಟ್ರು ಬಗ್ಗಿ ಮೆಲ್ಲಗೆ ಕೇಳಿದರು. "ಡಾಕ್ಟ್ರಮ್ಮ, ಇನ್ನೂ ಇದೆ ಅಲ್ವಾ?"

"ಇಲ್ಲ ಮೇಷ್ಟ್ರೇ, ಮೂವತ್ತೂ ಆಯ್ತು" ಎಂದೆ. ಅಷ್ಟಕ್ಕೇ ಬಿಡಲಿಲ್ಲ. ಕೈಗೆ ಕಟ್ಟಿದ್ದ ವಾಚನ್ನು ಅವರ ಮುಖದ ಮುಂದೆ ಹಿಡಿದು, "ನೋಡಿ, ಇದರಲ್ಲೂ ಮೂವತ್ತು ತೋರಿಸ್ತಿದೆ" ಎಂದೆ.

ಆ ವಾಚು ಸುತ್ತು ಎಣಿಸುವಂಥದ್ದು ಎಂಬುದು ನಿಜ. ಆದರೆ ಆವತ್ತು ಗಾಬರಿಯಲ್ಲಿ ನಾನು ಅದನ್ನು ಒತ್ತಿಯೇ ಇರಲಿಲ್ಲ. ಕನ್ನಡಕವಿಲ್ಲದ ಅವರಿಗೆ ಅದರಲ್ಲಿ ಏನೂ ಕಾಣುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರು ಒಂದು ಗಳಿಗೆ ಎಡಜೇಬಿನಲ್ಲಿ ಕೈಯಿಟ್ಟು ನಿಂತರು. ಆಮೇಲೆ ಚೀಟಿಯ ಮೇಲೆ ಮೂವತ್ತು ಎಂದು ಬರೆದು ಸಹಿ ಹಾಕಿದರು.

ಸೈಕಲ್ ತುಳಿದೆ. ಓಡಿದೆ ಅನ್ನುವುದಕ್ಕಿಂತ ನಡೆದೆ. ದಾರಿಗೆ ಕಟ್ಟಿದ್ದ ರಿಬ್ಬನ್ನುಗಳನ್ನು ಸುತ್ತಿಕೊಳ್ಳುತ್ತಾ ಬರುತ್ತಿದ್ದವರು ನನ್ನ ಬೆನ್ನ ಹಿಂದೆಯೇ ಇದ್ದರು. ಕೊನೆಯವಳಾಗಿ ಮುಗಿಸಿದರೂ ಕೊರಳಿಗೆ ಪದಕ ಬಿತ್ತು, ಕೈಗೆ ತಣ್ಣಗಾದ ಇಡ್ಲಿ ಸಿಕ್ಕಿತು. ಪದಕ ಹಾಕಿಕೊಂಡ ಫೋಟೋವನ್ನು ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಕಟ್ಟುಹಾಕಿಸಿ, ರೋಗಿಗಳ ಕುರ್ಚಿಯ ಎದುರಿನ ಗೋಡೆಗೇ ಹಾಕಿದಳು. ತೆಗಿ ಅನ್ನಲಿಲ್ಲ ನಾನು. ಕೊಳದ ಕಡೆಗಂತೂ ಮತ್ತೆ ತಲೆ ಹಾಕಲಿಲ್ಲ.

ಮೂರು ತಿಂಗಳಾದ ಮೇಲೆ ಮೇಷ್ಟ್ರೇ ಕ್ಲಿನಿಕ್ಕಿಗೆ ಬಂದರು. ದವಡೆ ಹಲ್ಲು ನೋವು. ಕುರ್ಚಿಯಲ್ಲಿ ಒರಗಿ ಎದುರಿನ ಫೋಟೋ ನೋಡಿ, ಚೆನ್ನಾಗಿ ಬಂದಿದೆ ಅಂದರು. ನಾನು ಗಡಿಬಿಡಿಯಲ್ಲಿ ಎಂದಿನ ಪ್ರಶ್ನೆ ಕೇಳಿದೆ.

"ಒಂದೇ ಸಲ ಉಜ್ಜೋದು" ಅಂದರು. "ರಾತ್ರಿ ಸೋಮಾರಿತನ."

ಹತ್ತೊಂಬತ್ತು ವರ್ಷದಲ್ಲಿ ಆ ಪ್ರಶ್ನೆಗೆ ಅಂಥ ಉತ್ತರ ನಾನು ಕೇಳಿರಲಿಲ್ಲ. ಹುಬ್ಬೇರಿಸಲು ಏನೂ ಉಳಿಯಲಿಲ್ಲ. ಮಾತು ತಿರುಗಿಸಲೆಂದು ಕೊಳದ ಮಕ್ಕಳು ಹೇಗಿದ್ದಾರೆ ಎಂದೆ.

"ಬಿಟ್ಬಿಟ್ಟೆ ಡಾಕ್ಟ್ರಮ್ಮ. ಆವತ್ತು ನಿಮ್ದು ಎಣಿಸಿದ್ನಲ್ಲ, ಎಡಜೇಬಲ್ಲಿ ನಾಲ್ಕು ಬೀಜ ಉಳಿದ್ಬಿಟ್ಟಿತ್ತು. ನಾಲ್ಕು ಸಲ ಕೈ ಮರ್ತಿದೆ, ನಂಗೆ ಗೊತ್ತೇ ಆಗಿಲ್ಲ. ದೊಡ್ಡೋರು ನೀವು, ಎಣಿಕೆ ತಪ್ಪಿದ್ರೂ ನಡೀತು. ನಾಳೆ ಮಕ್ಕಳಲ್ಲಿ ಒಂದು ತಲೆ ತಪ್ಪಿದ್ರೆ?" ಸುಮ್ಮನೆ ನಕ್ಕರು. "ವಯಸ್ಸಾಯ್ತು. ಅವಘಡ ಆಗೋಕ್ ಮುಂಚೆ ಗೊತ್ತಾಯ್ತಲ್ಲ, ನಿಮ್ಮಿಂದ ಉಪಕಾರನೇ ಆಯ್ತು."

ನನ್ನ ಕೈಯಲ್ಲಿ ಹಲ್ಲು ನೋಡುವ ಪುಟ್ಟ ಕನ್ನಡಿ ಇತ್ತು. ಒಂದೇ ಒಂದು ಮಾತು ಸಾಕಿತ್ತು. ಅದನ್ನು ಹೇಳಿದ್ದರೆ ಮಾರನೆಯ ಬೆಳಗ್ಗೆ ಅವರು ಮತ್ತೆ ಕೊಳದ ಗೇಟು ತೆರೆಯುತ್ತಿದ್ದರು.

"ಬಾಯಿ ದೊಡ್ಡದಾಗಿ ತೆಗೀರಿ ಮೇಷ್ಟ್ರೇ" ಎಂದೆ.

ಆ ಹಲ್ಲಿನ ಬೇರಿನ ಚಿಕಿತ್ಸೆಗೆ ಅವರು ಇನ್ನೂ ಮೂರು ಸಲ ಬಂದರು. ಮೂರು ಸಲವೂ ಹೇಳಿಬಿಡಬೇಕೆಂದೇ ಕ್ಲಿನಿಕ್ಕಿಗೆ ಹೋದೆ. ಮೊದಲ ಸಲ ನರ್ಸ್ ಪಕ್ಕದಲ್ಲಿದ್ದಳು ಎಂದು ಸುಮ್ಮನಾದೆ. ಎರಡನೇ ಸಲ ಅವರಿಗೆ ನೋವಿತ್ತು ಎಂದುಕೊಂಡೆ. ಮೂರನೇ ಸಲ ಯಾವ ನೆಪವೂ ಇರಲಿಲ್ಲ, ಆದರೂ ಬಾಯಿ ಬರಲಿಲ್ಲ. ಹೋಗುವಾಗ ಅವರು, ಕೈ ಬಹಳ ಹಗುರ ನಿಮ್ದು ಎಂದು ಹೊಗಳಿ ಹೋದರು. ಅಂದು ಸಂಜೆ ಆ ಫೋಟೋವನ್ನು ನಾನೇ ಇಳಿಸಿ ಬೀರುವಿನೊಳಗೆ ಹಾಕಿದೆ. ನನ್ನ ಧೈರ್ಯ ಅಷ್ಟಕ್ಕೇ ಮುಗಿಯಿತು.

ಅವರು ತೀರಿಹೋದ ಸುದ್ದಿ ಕೊಳದ ವಾಚ್‌ಮನ್‌ನಿಂದ ತಿಳಿಯಿತು. ಎದೆನೋವು, ಆಸ್ಪತ್ರೆ ಮುಟ್ಟುವಷ್ಟರಲ್ಲೇ ಹೋಗಿಬಿಟ್ಟಿದ್ದರು. ಎರಡು ದಿನ ಬಿಟ್ಟು ಬಿಳೇಕಹಳ್ಳಿಗೆ ಹೋದೆ. ನಡುಮನೆಯಲ್ಲಿ ಹೂವಿನ ಹಾರ ಹಾಕಿದ ಫೋಟೋ, ಮುಂದೆ ಹಚ್ಚಿಟ್ಟ ದೀಪ. ಚಾಪೆಯ ಮೇಲೆ ಅವರ ಹೆಂಡತಿ ಒಬ್ಬರೇ ಕೂತಿದ್ದರು. ಹಲ್ಲಿನ ಡಾಕ್ಟರು ಎಂದ ತಕ್ಷಣ ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಕೆಲಸ ಬಿಟ್ಟ ಮೇಲೂ ಮೇಷ್ಟ್ರು ದಿನಾ ಐದೂವರೆಗೇ ಎದ್ದು ಜಗಲಿಯಲ್ಲಿ ಕೂರುತ್ತಿದ್ದರಂತೆ. ರಸ್ತೆಯಲ್ಲಿ ಹೋಗುವ ಮೂವತ್ತು ಜನರನ್ನು ಬೀಜ ಹಾಕಿ ಎಣಿಸುವುದು, ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಎಣಿಸಲು ಹೇಳಿ ತಾಳೆ ನೋಡುವುದು.

"ಒಂದ್ ದಿನಾನೂ ತಪ್ಲಿಲ್ಲ ಕಣಮ್ಮ" ಅಂದರು ಆಕೆ. "ಮತ್ತೆ ಆವತ್ತು ಹೆಂಗೆ ತಪ್ತು, ಹೆಂಗೆ ತಪ್ತು ಅಂತ ಅದೊಂದೇ ಕೊರಗು ಅವರಿಗೆ."

ಇಷ್ಟು ದಿನ ಬಾರದ ಮಾತು ಆಗ ಬಂತು. "ಆವತ್ತೂ ತಪ್ಪಿರಲಿಲ್ಲಮ್ಮ. ನಾನು ಇಪ್ಪತ್ತಾರಕ್ಕೇ ಎದ್ದುಬಂದೆ. ಮೂವತ್ತು ಆಯ್ತು ಅಂತ ಅವರಿಗೆ ಸುಳ್ಳು ಹೇಳಿದೆ."

ಆಕೆ ಬೈದಿದ್ದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದೆ. ಬೈಯಲಿಲ್ಲ. ನಿಧಾನಕ್ಕೆ ಫೋಟೋದ ಕಡೆ ತಿರುಗಿದರು.

"ಕೇಳಿಸ್ತಾ?" ಅಂದರು, ಒಳಮನೆಯಲ್ಲಿರುವ ಗಂಡನನ್ನು ಕೂಗಿ ಹೇಳುವ ದನಿಯಲ್ಲಿ. "ನಿಮ್ದು ಸರಿಯಾಗೇ ಇತ್ತಂತೆ."

ಸಾವಿನ ಮನೆಯಿಂದ ಹೊರಡುವಾಗ ಬರ್ತೀನಿ ಅನ್ನಬಾರದು. ಏನೂ ಹೇಳದೆ ಎದ್ದು, ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ರಸ್ತೆಗಿಳಿದೆ.